ಎಡಗಡೆ ಸಾಯುವ ಲೆನ್ಸ್

ಬೆಳಗಾವಿಯ ಶಹಾಪುರದಾಗ ಆದಿನಾಥನ ಸ್ಟುಡಿಯೋ ಎಲ್ಲೈತಿ ಅಂತ ಕೇಳಿದ್ರ ಯಾರ ಬೇಕಾದ್ರೂ ತೋರಸ್ತಾರ. ಆದ್ರ ಫೋಟೋ ತೆಗಸಾಕ ಅಲ್ಲಿಗೆ ಯಾರೂ ಹೋಗೂದಿಲ್ಲ. ಮಂದಿ ಕೈಯಾಗ ಮೊಬೈಲ್ ಬಂದ ಮ್ಯಾಲ ಮದವಿ ಆರ್ಡರ್ ನಿಂತು ಭಾಳ ವರ್ಷ ಆತು. ಅಲ್ಲಿಗೆ ಹೋಗೂದು ಬೈಸ್ಕೊಳ್ಳಾಕ. ಬೆಳಗಾವಿಯಿಂದ ಖಾನಾಪುರದ ತನಕ ಯಾರ ಲೆನ್ಸ್ ತಗೊಂಡ್ರೂ ಮೊದಲ ಅವನ ಮುಂದ ತಂದಿಟ್ಟು ಕೈ ಕಟ್ಟಿ ನಿಂದರತಾರ. ಅವ ಚಲೋ ಅಂದ್ರ ಚಲೋ, ಹಲ್ಕಾ ಅಂದ್ರ ಹಲ್ಕಾ. ಧಂದೆ ಮುಳುಗಿದ ಮನಷ್ಯಾಗ ಉಳದದ್ದು ಆ ಮಾತೊಂದ. ಅದೂ ಹೋತಂದ್ರ ಆದಿನಾಥ ಅನ್ನಾವ ಅರವತ್ತೆರಡು ವರ್ಷದ ಖಾಲಿ ಮುದುಕ, ಮತ್ತೇನಿಲ್ಲ. ಇದು ಅವಗೂ ಗೊತ್ತಿತ್ತು. ಅದಕ್ಕ ಅಷ್ಟ ಜೋರು.

ಅವ ಪರೀಕ್ಷಾ ಮಾಡೂ ರೀತಿ ಕೇಳ್ರಿ. ಒಳಗಿನ ಖೋಲಿ ಗ್ವಾಡಿಗೆ ಒಂದು ಪ್ಲೈವುಡ್ ಹಲಗಿ. ಹಲಗಿಗೆ ಮೊಳಿ ಹೊಡದು ಬಿಗಿಸಿದ ಶಹಾಪುರ ಸೀರಿ. ಸೀರಿ ಹೆಂಡತಿ ಶಾಂತಾಬಾಯಿದು, ಲಗ್ನದಾಗ ಆಕಿ ತವರಿನವರು ಉಡಿಸಿದ್ದು. ಕೆಂಪು ದಡಿ ತುಂಬ ಬಿಳಿ ಎಳಿಯ ಸಣ್ಣ ಸಣ್ಣ ಗೆರಿ. ಲೆನ್ಸ್ ಚಲೋ ಇದ್ರ ಫೋಟೋದಾಗ ಒಂದೊಂದ ಎಳಿ ಎಣಿಸಾಕ ಬರಬೇಕು. ಇಪ್ಪತ್ತೆರಡು ವರ್ಷದ ಹಿಂದ ಕಪಾಟಿನಾಗಿಂದ ಸೀರಿ ಎಳಕೊಂಡು ಮೊಳಿ ಹೊಡಿಯೂಮುಂದ ಶಾಂತಾಬಾಯಿ ಏನೋ ಹೇಳಾಕ ಬಾಯಿ ತೆಗದಿದ್ಲು. “ನಿನಗ ಫೋಟೋದಾಗಿಂದು ಏನ್ ತಿಳಿತೈತಿ? ಸುಮ್ನಿರು” ಅಂದಿದ್ದ. ಆಕಿ ಸುಮ್ನಾದ್ಲು.

ಯಾವ ಲೆನ್ಸೂ ಅವನ ಕೈಯಾಗ ಪಾಸ್ ಆಗಿದ್ದಿಲ್ಲ, ಜೂಮ್ ಲೆನ್ಸ್ ಕಂಡ್ರಂತೂ ಅವಗ ಮೈಯೆಲ್ಲಾ ಉರಿ. ಸೀರಿದೊಂದ ಫೋಟೋ ಹೊಡದು, ಕಂಪ್ಯೂಟರಿನಾಗ ದೊಡ್ಡದ ಮಾಡಿ, ಮೂಗಿನ ತುದಿಗೆ ಚಾಳೀಸ ಇಳಿಸಿ ಒಂದ ಮಾತು ಅಂತಿದ್ದ: “ಎಡಗಡೆ ಸಾಯ್ತೈತಿ.” ಅಂದ್ರ ಎಡಗಡೆ ಗೆರಿ ಕಲಸಿ ಹೋಗ್ಯಾವು, ಲೆನ್ಸ್ ಕೆಲಸಕ್ಕ ಬಾರದ್ದು ಅಂತ. ತನ್ನ ಹಳೇ ಲೆನ್ಸ್ ಮಾತ್ರ ಆ ಸೀರಿ ಮುಂದ ಒಮ್ಮಿನೂ ಹಿಡದಾವ ಅಲ್ಲ. ಮಾಸ್ತರನ ಪರೀಕ್ಷಾ ಯಾರ್ ತಗೋತಾರ, ಹೇಳ್ರಿ!

ಮೊನ್ನೆ ಮೇ ತಿಂಗಳದಾಗ ಒಂದಿನ ಸಂಜಿ ಖಾನಾಪುರದ ಪ್ರಮಿಳಾ ಬಂದ್ಲು. ಝೆರಾಕ್ಸ್ ಅಂಗಡಿ ಇಟ್ಕೊಂಡು ಜೋಡಿಗೆ ಫೋಟೋ ಕೆಲಸ ಮಾಡಾಕಿ. ಬೆಳಗಾವಿ ಪ್ಯಾಟ್ಯಾಗ ಹದಿನೆಂಟರಿಂದ ನೂರಾ ಮೂವತ್ತೈದು ಎಂ.ಎಂ. ತನಕ ಹೋಗೂ, ಅಂದ್ರ ಅಗಲದ್ದೂ ದೂರದ್ದೂ ಎರಡೂ ತೆಗಿಯೂ ಹಳೇ ಜೂಮ್ ಲೆನ್ಸ್ ತಗೊಂಡಿದ್ಲು. ಬ್ಯಾಡಾದ್ರ ಅವತ್ತ ರಾತ್ರಿ ಎಂಟರೊಳಗ ವಾಪಸ್ ಕೊಡಬೇಕಿತ್ತು.

“ಕಣಕುಂಬಿ ಕಡೆ ಕೆಲಸ ಸಿಗಾಕತ್ತಾವ್ರಿ ಕಾಕಾ. ತೊಟ್ಟಲ ಕಾರ್ಯ, ಸಾಲಿ ಕಾರ್ಯಕ್ರಮ. ಆ ಘಟ್ಟದ ಮಳ್ಯಾಗ ಲೆನ್ಸ್ ಬಿಚ್ಚಿ ಬಿಚ್ಚಿ ಹಾಕಾಕ ಆಗೂದಿಲ್ಲ, ಒಳಗ ಹಸಿ ಹೋಗತೈತಿ. ಮನಿಮಂದಿ ಎಲ್ಲಾ ಬರಬೇಕು, ದೂರದಿಂದ ಕೂಸಿನ ಮಾರಿನೂ ಬರಬೇಕು. ಅದಕ್ಕ ಒಂದ ಲೆನ್ಸ್.”

ಆದಿನಾಥ ಆಕಿ ಕ್ಯಾಮೆರಾ ಎರಡ ಬೆರಳಿನಾಗ ಎತ್ತಿ ನೋಡಿದ. “ಕ್ರಾಪ್ ಸೆನ್ಸರ್! ಮೊದಲ ಇದು ಅರ್ಧ ಕಣ್ಣಿನ ಕ್ಯಾಮೆರಾ, ಅದಕ್ಕ ಎಲ್ಲಾ ಕೆಲಸದ್ದೊಂದು ಲೆನ್ಸ್. ಒಂದ ಚಪ್ಪಲಿ ಮೆಟ್ಟಿ ಹೊಲಕ್ಕೂ ಹೋಗಾಕಿ, ಬೀಗರ ಮನಿಗೂ ಹೋಗಾಕಿ ಏನ ನೀ?”

“ಹೂನ್ರಿ, ಹಂಗ ಹೋಗತೇನಿ” ಅಂದ್ಲು ಪ್ರಮಿಳಾ. “ಆರು ವರ್ಷದ ಹಿಂದ ನಮ್ಮಣ್ಣ ಬಾಳೇಶನೂ ಒಂದು ಜೂಮ್ ತಂದು ತೋರಿಸಿದ್ದನ್ರಿ ನಿಮಗ.”

“ನೆನಪೈತಿ. ಎಡಗಡೆ ಸತ್ತಿತ್ತು ಅದು. ಮಾರಿ ಬಿಡು, ನಿನಗ ಈ ಕೆಲಸ ಅಲ್ಲ ಅಂದಿದ್ದೆ. ಈಗೇನ್ ಮಾಡ್ತಾನ?”

“ಮಚ್ಛೆಯಾಗ ಫ್ಯಾಕ್ಟರಿಗೆ ಹೋಗ್ತಾನ್ರಿ. ಕ್ಯಾಮೆರಾನೂ ಮಾರಿದ.”

“ಶಾಣ್ಯಾ ಆದ, ಬಿಡು” ಅಂದ ಆದಿನಾಥ. ಖರೇನ ಹಂಗ ಅಂದ, ನಾಚಿಕಿ ಇಲ್ಲದ.

ಸ್ಟ್ಯಾಂಡಿಗೆ ಕ್ಯಾಮೆರಾ ಏರಿಸಿ ಅಗಲದಾಗ ಒಂದು ಫೋಟೋ ಹೊಡದ. ಬಾಗಲ ದಾಟಿ ಹಿತ್ತಲ ತನಕ ಹಿಂದ ಸರದು, ಜೂಮ್ ಎಳದು ದೂರದ್ದೊಂದು ಹೊಡದ. ಒಳಗಿಂದ ಶಾಂತಾಬಾಯಿ ಕರದ್ಲು: “ಹೊತ್ತು ಮುಳುಗಾಕ ಬಂತು, ಉಣ್ಣಾಕ ಬರ್ರಿ.” ಜೈನರ ಮನಿ, ಹೊತ್ತು ಮುಳುಗಿದ ಮ್ಯಾಲ ಅಲ್ಲಿ ಯಾರೂ ಉಣ್ಣೂದಿಲ್ಲ. ಆದ್ರ ಲೆನ್ಸ್ ಬೈಯೂ ರುಚಿ ಮುಂದ ಅವಗ ಊಟ ಯಾವ ಲೆಕ್ಕ! ಫೋಟೋ ದೊಡ್ಡದ ಮಾಡಿದ, ಚಾಳೀಸ ಇಳಿಸಿದ.

“ಎಡಗಡೆ ಸಾಯ್ತೈತಿ. ಓಡಿ ಹೋಗಿ ವಾಪಸ್ ಕೊಡು.”

ಪ್ರಮಿಳಾ ಎದ್ಲು, ಚೀಲ ಹೆಗಲಿಗೆ ಹಾಕಿದ್ಲು, ಮತ್ತ ತಿರುಗಿ ಕುಂತ್ಲು. ಎರಡೂ ಫೋಟೋ ಬಾಜು ಬಾಜು ಇಟ್ಟು ನೋಡಿದ್ಲು. “ಕಾಕಾ, ಅಗಲದಾಗೂ ಇವ ಗೆರಿ ಕಲಸ್ಯಾವು, ದೂರದಾಗೂ ಇವ. ಒಂದರ ಹೆಚ್ಚಿಲ್ಲ, ಒಂದರ ಕಡಿಮಿಲ್ಲ. ಜೂಮ್ ತಿರುಗಿಸಿದ್ರ ಕಲಸೂದೂ ಬದಲಾಗಬೇಕಲ್ಲ, ಹೆಂಗ್ರಿ ಅದು?”

“ನನಗ ಕಲಿಸ್ತೀ?”

ಆಕಿ ಸ್ಟೂಲ್ ಎಳದು, ಅದರ ಮ್ಯಾಲ ಅವನ ಹಳೇ ಮದವಿ ಆಲ್ಬಮ್ ಒಟ್ಟಿ, ಕ್ಯಾಮೆರಾ ತಲಿಕೆಳಗ ಮಾಡಿ ಇಟ್ಲು. “ಲೆನ್ಸಿನ ತಪ್ಪಾದ್ರ ಲೆನ್ಸ್ ತಿರುಗಿದಾಗ ಅದೂ ತಿರುಗಬೇಕಲ್ರಿ? ಈಗ ಸೀರಿ ಬಲಗಡೆ ಕಲಸಬೇಕು.” ಫೋಟೋ ಹೊಡದ್ಲು. ಕಂಪ್ಯೂಟರಿನಾಗ ಅದನ್ನ ನೆಟ್ಟಗ ಮಾಡಿ ತೋರಿಸಿದ್ಲು. ಸೀರಿ ಬಲಗಡೆ ಒಂದೊಂದ ಎಳಿ ಎಣಿಸೂ ಹಂಗ ಇತ್ತು. ಕಲಸಿದ್ದು ಎಡಗಡೆನ, ಮೊದಲಿನ ಗೆರಿನ.

ಆದಿನಾಥ ಗ್ವಾಡಿ ಕಡೆ ಹೋದ. ಇಪ್ಪತ್ತೆರಡು ವರ್ಷದಾಗ ಅವ ನೋಡಿದ್ದೆಲ್ಲಾ ಫೋಟೋ, ಸೀರಿ ನೋಡಿರಲಿಲ್ಲ. ಮಾರಿ ಹತ್ತಿರ ಒಯ್ದು ನೋಡಿದ. ಎಡಗಡೆ ದಡಿಯ ಕೆಂಪು ಬಣ್ಣ ಬಿಳಿ ಎಳ್ಯಾಗ ಇಳದು ಗೆರಿ ಎಲ್ಲಾ ಮಂಕಾಗಿದ್ದವು.

“ಮೊದಲನೇ ಸಲ ಒಗದಾಗ ಬಣ್ಣ ಬಿಟ್ಟಿತ್ತು ಅದು” ಅಂದ್ಲು ಶಾಂತಾಬಾಯಿ. ಯಾವಾಗೋ ಬಂದು ಬಾಗಲದಾಗ ನಿಂತಿದ್ಲು. “ಮೊಳಿ ಹೊಡಿಯೂಮುಂದ ಅದನ್ನ ಹೇಳಾಕ ಬಂದಿದ್ದೆ. ನಿನಗ ಫೋಟೋದಾಗಿಂದು ಏನ್ ತಿಳಿತೈತಿ ಅಂದ್ರಿ. ತಿಳಿಯೂದಿಲ್ಲ, ಖರೇನ. ಸೀರಿ ತಿಳಿತೈತಿ.”

ಆದ್ರೂ ಆದಿನಾಥನ ಹಳೇ ಚಟ ಬಿಡತೈತೇನ್ರಿ! ಚಾಳೀಸ ಮ್ಯಾಲ ಏರಿಸಿ ಪ್ರಮಿಳಾಗ ಹೇಳಿದ: “ಲೆನ್ಸ್ ಚಲೋ ಐತಿ ತಂಗಿ. ಇಟ್ಕೋ.”

“ಅದನ್ನ ನೀವು ಹೇಳೂದು ಬ್ಯಾಡ್ರಿ. ನಾ ನೋಡೇನಿ.” ಕ್ಯಾಮೆರಾ ಚೀಲದಾಗ ಇಟ್ಲು. ಬಾಗಲ ತನಕ ಹೋಗಿ ನಿಂತ್ಲು. “ಬಾಳೇಶಣ್ಣನ ಲೆನ್ಸೂ ಈ ಸೀರಿ ಮುಂದನ ನೋಡಿದ್ರಿ, ಅಲ್ರಿ?”

ಆಕಿ ಖಾನಾಪುರ ಬಸ್ ಹಿಡಿಯಾಕ ಹೋದ್ಲು.

ಹೊರಗ ಹೊತ್ತು ಮುಳುಗಿತ್ತು. ಶಾಂತಾಬಾಯಿ ಒಳಗ ಹೋಗಿ ಇಕ್ಕಳ ತಂದು ಅವನ ಕೈಯಾಗ ಇಟ್ಲು.

“ನಾ ಉಂಡೇನಿ. ನಿಮ್ಮ ಊಟ ಇನ್ನ ನಾಳೆ. ನನ್ನ ಸೀರಿ ಬಿಚ್ಚಿ ಕೊಡ್ರಿ.”

ಆದಿನಾಥ ಎಡಗಡೆಯಿಂದ ಮೊಳಿ ಕೀಳಾಕ ಶುರು ಮಾಡಿದ.