ಚಂದಮ್ಮ ಸುಮ್ಮನೆ ಹೋಗಿಬಂದ ಊರು

“ಈ ಸಲ ಊರಿಗೆ ಬ್ಯಾಡ್ರಿ,” ಅಂದಳು ಚಂದಮ್ಮ, ಗಂಡನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ. “ದೀವಕ್ಕ ಹೋಗಾಮ್.”

ಅದೊಂದು ಊರಿನ ಹೆಸರು ಎಂಬುದೇ ಭೀಮಣ್ಣನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕೇಳಿದ, “ಅಲ್ಲಿ ಯಾರದಾರ?”

“ಯಾರೂ ಇಲ್ಲ.”

“ಯಾರದರ ಲಗ್ನ ಅದೇನು?”

“ಯಾರೂ ಇಲ್ಲಂದ ಮ್ಯಾಲ ಲಗ್ನ ಎಲ್ಲಿಂದ ಬರ್ತದರಿ?”

“ಮತ್ತ ಯಾಕ ಹೋಗಬೇಕು?”

“ಸುಮ್ನ.”

ಭೀಮಣ್ಣ ರೊಟ್ಟಿ ಮುರಿಯುವುದನ್ನು ಬಿಟ್ಟು ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಸುಮ್ಮನೆ ಬಾಗಿಲಿಗೆ ಬಂದು ನಿಂತವಳೂ ಅಲ್ಲ.

ಇದು ೧೯೮೩ರ ದೀಪಾವಳಿ ಕಳೆದ ಹೊಸದರಲ್ಲಿ, ಪುಣೆಯ ಹತ್ತಿರದ ತಳೇಗಾಂವದ ಕಾರ್ಖಾನೆಗಳ ಹಿಂದಿನ ಒಂದು ಕಾಲೊನಿಯಲ್ಲಿ ನಡೆದ ಮಾತು. ಗಂಡ ಹೆಂಡತಿ ಸುರಪುರದ ಕಡೆಯವರು. ಮದುವೆಯಾದ ಹೊಸತರಲ್ಲೇ ಗೌಂಡಿಗಳ ಗುಂಪಿನ ಜೊತೆ ಪುಣೆಗೆ ಬಂದವರು. ಅಲ್ಲಿನ ಕೋಥರೂಡದಲ್ಲಿ ಹೊಲಗಳೆಲ್ಲ ಮಾಯವಾಗಿ ಸೊಸೈಟಿಯ ಮಹಡಿ ಮನೆಗಳು ಎದ್ದು ನಿಂತ ಕಾಲದಲ್ಲಿ ಚಂದಮ್ಮ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ಮಹಡಿ ಹತ್ತಿದ್ದಳು. ಆಕೆ ಹತ್ತಿದ ಮೆಟ್ಟಿಲುಗಳ ಮೇಲೆ ಈಗ ಯಾರ್ಯಾರದೋ ಮಕ್ಕಳು ಓಡಾಡುತ್ತಿದ್ದವು. ಆಮೇಲೆ ಭೀಮಣ್ಣನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಪರ್ಮನೆಂಟೂ ಆಯಿತು. ಒಬ್ಬಳೇ ಮಗಳು ಮದುವೆಯಾಗಿ ಸೊಲ್ಲಾಪುರ ಸೇರಿದಳು. ಎರಡು ವರ್ಷಕ್ಕೊಮ್ಮೆ ಕಾರ್ಖಾನೆಯವರು ರಜೆ ಕೊಟ್ಟು, ಸಂಸಾರ ಸಮೇತ ಎಲ್ಲಿಗಾದರೂ ಹೋಗಿ ಬರಲು ಗಾಡಿಯ ಖರ್ಚನ್ನೂ ಕೊಡುತ್ತಿದ್ದರು. ಭೀಮಣ್ಣನ ಪಾಲಿಗೆ ‘ಎಲ್ಲಿಗಾದರೂ’ ಅಂದರೆ ಸುರಪುರವೇ.

ಚಂದಮ್ಮ ಪ್ರಯಾಣ ಮಾಡದವಳೇನಲ್ಲ. ಕಾತ್ರಜದ ಹೆದ್ದಾರಿಯಲ್ಲಿ ಲಾರಿ ಹತ್ತಿದ್ದಾಳೆ, ಬಸ್ಸಿನ ಮೇಲೆ ಗಂಟುಗಳ ಜೊತೆ ಕೂತು ಬಂದಿದ್ದಾಳೆ. ಆದರೆ ಹೋದದ್ದೆಲ್ಲ ಯಾರದೋ ಬಾಣಂತನಕ್ಕೆ, ಯಾರದೋ ಮಣ್ಣಿಗೆ, ಇಲ್ಲವೇ ಹರಕೆ ತೀರಿಸಲು. ಹೋದಲ್ಲೆಲ್ಲ ಇಳಿದ ಕೂಡಲೇ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂರಬೇಕು.

ದೀವ್ ಆಕೆಯ ಕಿವಿಗೆ ಬಿದ್ದದ್ದು ಕೋಥರೂಡದ ಕಟ್ಟಡವೊಂದರಲ್ಲಿ. ಅಲ್ಲಿ ನೆಲಕ್ಕೆ ಫರಶಿಕಲ್ಲು ಕೂಡಿಸುತ್ತಿದ್ದ ಗುಜರಾತಿನ ಕಾಠೇವಾಡದ ಮುದುಕನೊಬ್ಬ ಮಧ್ಯಾಹ್ನದ ಊಟದ ಹೊತ್ತಿಗೆ ತನ್ನ ಕಡೆಯ ಸುದ್ದಿ ಹೇಳುತ್ತಿದ್ದ. ಸಮುದ್ರದ ನಡುವೆ ಒಂದು ಪುಟ್ಟ ಊರು. ಪೋರ್ತುಗೀಜರು ಕಟ್ಟಿದ ಕೋಟೆ, ಅದರ ಸುತ್ತ ನೀರು. ಬಿಳಿ ಬಿಳಿ ಇಗರ್ಜಿಗಳು. ಒಂದೇ ಕಾಂಡಕ್ಕೆ ಎರಡು ಮೂರು ತಲೆ ಇರುವ ತಾಳೆ ಮರಗಳು. “ಅಲ್ಲಿ ಮಂದಿ ಏನು ಮಾಡ್ತಾರೆ?” ಎಂದು ಚಂದಮ್ಮ ತನ್ನ ಅರ್ಧ ಹಿಂದಿಯಲ್ಲಿ ಕೇಳಿದ್ದಳು. “ಸಂಜೆ ಆಯ್ತಂದ್ರೆ ಗೋಡೆ ಮೇಲೆ ಕೂತು ಸಮುದ್ರ ನೋಡ್ತಾರೆ,” ಅಂದಿದ್ದ ಮುದುಕ. ಗೋಡೆ ಕಟ್ಟುವವರನ್ನಷ್ಟೇ ಕಂಡಿದ್ದ ಚಂದಮ್ಮನಿಗೆ ಗೋಡೆಯ ಮೇಲೆ ಸುಮ್ಮನೆ ಕೂರುವವರ ಊರು ಮನಸ್ಸಿನಲ್ಲಿ ನಿಂತುಬಿಟ್ಟಿತು.

ಹೋಗಬೇಕೆಂದರೆ ದಾರಿ ತಿಳಿಯಬೇಕಲ್ಲ. ಭೀಮಣ್ಣ ಮರುದಿನವೇ ಬಸ್ ಸ್ಟ್ಯಾಂಡಿಗೆ ಹೋಗಿ ವಿಚಾರಿಸಿದ. ಕಿಟಕಿಯೊಳಗಿನವರು “ದಿವೆ ಹೋಯ್? ಸಾಸವಡಚೀ ಗಾಡೀ ಧರಾ,” ಎಂದು ಮರಾಠಿಯಲ್ಲಿ ಸಾಸವಡದ ಬಸ್ಸು ಹಿಡಿಯಲು ಹೇಳಿದರು. ಅವರು ಹೇಳಿದ ದಿವೆ ಘಾಟು ಪುಣೆಯ ಮಗ್ಗುಲಿಗೇ ಇತ್ತು. ಇನ್ನೊಬ್ಬರು ಕೊಂಕಣದ ದಿವೆ ಆಗರದ ದಾರಿ ತೋರಿಸಿದರು. ಮನೆಗೆ ಬಂದ ಭೀಮಣ್ಣ, “ಇಲ್ಲೇ ಘಾಟಿನ ಮ್ಯಾಲ ಒಂದ ದಿವೆ ಅದಂತ. ಅದನ್ನೇ ನೋಡಿ ಸಂಜಿಗೆ ಬಂದ್ರ ಆಗಲ್ಲೇನು?” ಎಂದು ಆಸೆಯಿಂದ ಕೇಳಿದ.

“ಅಲ್ಲಿ ಸಮುದ್ರ ಅದೇನ್ರಿ?”

“ಇಲ್ಲ. ಗಾಳಿ ಮಾತ್ರ ಭಾಳ ಅದಂತ.”

ಕೊನೆಗೆ ಅವನ ಜೊತೆ ಕೆಲಸ ಮಾಡುವ ಗುಜರಾತಿಯೊಬ್ಬ ದಾರಿ ಬಿಡಿಸಿ ಹೇಳಿದ: ಮುಂಬೈಯಲ್ಲಿ ಒಮ್ಮೆ, ಅಹಮದಾಬಾದಿನಲ್ಲಿ ಒಮ್ಮೆ ಗಾಡಿ ಬದಲಿಸಿ ವೇರಾವಳ, ಅಲ್ಲಿಂದ ಬಸ್ಸಿನಲ್ಲಿ ಊನಾ, ಆಮೇಲೆ ದೋಣಿ.

ಅಷ್ಟರಲ್ಲಿ ಭೀಮಣ್ಣನ ತಾಯಿ ಹುಲಿಗೆವ್ವ ಊರಿನಿಂದ ಬಂದಿಳಿದಳು. ಮಗ ಈ ಸಲ ಊರಿಗೆ ಬರುವುದಿಲ್ಲವೆಂದು ಕೇಳಿ ಆಕೆ ಮೊದಲು ಕೇಳಿದ್ದು, “ಅಲ್ಲಿ ದೇವರದಾನೇನು?”

ಭೀಮಣ್ಣ ತಾಯಿಗೆ ಎಂದೂ ಎದುರಾಡಿದವನಲ್ಲ. “ಅದಾನವ್ವ, ಈಶ್ವರ ಅದಾನ,” ಅಂದುಬಿಟ್ಟ. “ಭಾಳ ಸತ್ಯುಳ್ಳ ದೇವ್ರಂತ.”

ಅಲ್ಲಿಗೆ ಕೆಲಸ ಕೆಟ್ಟಿತು. ಹುಲಿಗೆವ್ವ ನಲ್ಲಿಯ ಹತ್ತಿರ ಹೇಳಿದಳು, ಸಂಜೆಯೊಳಗೆ ಕಾಲೊನಿಯ ಕನ್ನಡದ ಮನೆಗಳಿಗೆಲ್ಲ ಸುದ್ದಿ ಮುಟ್ಟಿತು. ಒಬ್ಬೊಬ್ಬರೇ ಬಂದು ತಮ್ಮ ಹೆಸರಿನಲ್ಲಿ ಒಡೆಯಲು ತೆಂಗಿನಕಾಯಿ ಕೊಟ್ಟು ಹೋದರು. ಭೀಮಣ್ಣನ ತಂಗಿ ಕಲ್ಲವ್ವ ಮೂರು ಮನೆ ಆಚೆಗಿದ್ದಳು. ತಾನು, ಗಂಡ, ಕಿರಿಮಗನ ಜವಳ ತೆಗೆಸುವುದು ಎಲ್ಲ ಸೇರಿಸಿಯೇ ಹೊರಟುನಿಂತಳು. “ವೈನಿ, ಒಂದ್ ದೊಡ್ಡ ಪಾತೇಲಿ ತಗೋಳ್ರಿ. ಅಷ್ಟ ಮಂದಿಗಿ ಹುಗ್ಗಿ ಮಾಡಬೇಕಲ್ಲ,” ಅಂದಳು.

ಪಾತೇಲಿಯ ಮಾತು ಕೇಳಿದ ಚಂದಮ್ಮನಿಗೆ ಅಳುವೇ ಬಂತು. ಮೂಲೆಯಲ್ಲಿ ಸಾಲಾಗಿ ಕೂತಿದ್ದ ತೆಂಗಿನಕಾಯಿಗಳನ್ನು ನೋಡಿದಳು. ಇದೂ ಒಂದು ಜಾತ್ರೆಯಾಯಿತು. ಅಲ್ಲಿಯೂ ತಾನು ಒಲೆಯ ಮುಂದೆಯೇ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ ಅತ್ತೆಯ ಎದುರು ಹೋಗಿ ಕುಕ್ಕರಿಸಿದಳು.

“ಅತ್ತಿ, ಒಂದ್ ಮಾತ ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಅಲ್ಲಿ ದೇವರದಾನೋ ಇಲ್ಲೋ ನಂಗ ಗೊತ್ತಿಲ್ಲ. ನಿಮ್ಮ ಮಗ ನಿಮಗ ಅಂಜಿ ಹೇಳ್ಯಾರ. ನಂಗ ಹರಕಿ ಇಲ್ಲ, ಏನೂ ಇಲ್ಲ. ಸಮುದ್ರದ ಮುಂದ ಸುಮ್ನ ಕುಂತು ಬರಬೇಕಂತ ಅನಸ್ಯದ. ಅಷ್ಟೇರಿ.”

ಹುಲಿಗೆವ್ವ ಎಲೆಯಡಿಕೆಯ ಚೀಲ ಬಿಚ್ಚಿದಳು. ಎಲೆಗೆ ಸುಣ್ಣ ಹಚ್ಚಿದಳು, ಮಡಚಿದಳು, ಬಾಯಿಗೆ ಮಾತ್ರ ಇಡಲಿಲ್ಲ.

“ನಿಮ್ಮ ಮಾವ ಇದ್ದಾಗ,” ಅಂದಳು ಕೊನೆಗೆ, “ಹೊಲದ ಬದುವಿನ ಮ್ಯಾಲ ಒಮ್ಮಿ ಕುಂತಿದ್ದೆ. ಹೊಟ್ಯಾಗ ಇವ ಇದ್ದ. ಅಷ್ಟಕ್ಕೇ ನಮ್ಮತ್ತಿ, ‘ಏನವ್ವ, ಗೌಡಸಾನಿ ಹಂಗ ಕುಂತೀಯಲ್ಲ’ ಅಂದಿದ್ಲು. ಆವತ್ತಿನಿಂದ ಕುಂತೇ ಇಲ್ಲ ನೋಡು.” ಎಲೆಯನ್ನು ಬಾಯಿಗಿಟ್ಟು, “ನಾನೂ ಬರ್ತೀನಿ. ದೇವರಿದ್ರ ಇರ್ಲಿ. ಇರಲಿಕ್ಕಂದ್ರ ಅವಗೂ ನಮ್ಮ ಕಾಟ ತಪ್ಪಿತು,” ಅಂದಳು.

ನಲ್ಲಿಯ ಹತ್ತಿರ ಹೋಗಿ ಆಕೆಯೇ ದೇವರನ್ನು ಹಿಂದಕ್ಕೆ ತೆಗೆದುಕೊಂಡಳು. ತೆಂಗಿನಕಾಯಿಗಳು ಮರಳಿ ಅವರವರ ಮನೆ ಸೇರಿದವು. ಕಲ್ಲವ್ವ ಮೂಗು ಮುರಿದಳು, “ದೇವರಿಲ್ಲದೂರಿಗಿ ಯಾರ ಬರ್ತಾರವ್ವ!” ಪಾತೇಲಿಯೂ ಉಳಿಯಿತು.

ಸಂಕ್ರಾಂತಿ ಮುಗಿದ ಮೇಲೆ ಮೂವರೂ ಹೊರಟರು. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಹುರಿದ ಅವಲಕ್ಕಿ ಇದ್ದವು. ಹುಲಿಗೆವ್ವ ಗಾಡಿಯಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ರೊಟ್ಟಿ ಹಂಚಿ, ಭಾಷೆ ಬಾರದಿದ್ದರೂ ಅವರ ಮಕ್ಕಳ ಮದುವೆಯ ವಿಚಾರ ತಿಳಿದುಕೊಂಡಳು. ದೋಣಿ ಹತ್ತುವಾಗ ಮಾತ್ರ ಸೊಸೆಯ ರಟ್ಟೆಯನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದವಳು ಆಚೆ ದಡ ಮುಟ್ಟುವವರೆಗೂ ತೆರೆಯಲಿಲ್ಲ.

ಊರು ಮುದುಕ ಹೇಳಿದಂತೆಯೇ ಇತ್ತು. ಇಕ್ಕಟ್ಟಾದ ಓಣಿಗಳು, ಹಳದಿ ನೀಲಿ ಬಣ್ಣದ ಹಳೆಯ ಮನೆಗಳು, ಎಲ್ಲಿ ನಿಂತರೂ ಉಪ್ಪಿನ ಗಾಳಿ. ಅಂಥದೇ ಒಂದು ಮನೆಯ ಮಾಳಿಗೆಯ ಮೇಲೆ ಕೋಣೆ ಸಿಕ್ಕಿತು. ಸುಮ್ಮನೆ ಕೂರುವುದು ಮಾತ್ರ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮೊದಲ ಬೆಳಿಗ್ಗೆ ಚಂದಮ್ಮ ಎದ್ದವಳೇ ಕಸಬರಿಗೆ ಹಿಡಿದು ಮನೆಯೊಡತಿಯ ಅಂಗಳವನ್ನೆಲ್ಲ ಗುಡಿಸಿದಳು. ಒಡತಿ ಓಡಿ ಬಂದು ಕಸಬರಿಗೆ ಕಸಿದುಕೊಂಡಳು. ಭೀಮಣ್ಣ ಬೀಡಿ ತರುತ್ತೇನೆಂದು ಹೋದವನು ಬಾರದಿದ್ದಾಗ ಹುಡುಕಿದರೆ, ಓಣಿಯ ಕೊನೆಯಲ್ಲಿ ಗೋಡೆ ಕಟ್ಟುತ್ತಿದ್ದ ಗೌಂಡಿಗೆ ಕಲ್ಲು ಎತ್ತಿ ಕೊಡುತ್ತ ನಿಂತಿದ್ದ.

“ರಜಾ ಹಾಕಿ ಬಂದೀರಿ!” ಎಂದು ಚಂದಮ್ಮ ನಕ್ಕಳು.

“ಗುಂಡು ತಪ್ಪಿ ಗೋಡಿ ವಾಲಿತ್ತು, ಹೇಳಿದೆ ಅಷ್ಟೇ,” ಎಂದು ಭೀಮಣ್ಣ ಕೈ ಒರೆಸಿಕೊಂಡ.

ಹಾಗೆ ನೋಡಿದರೆ ಬೇಗ ಕಲಿತವಳು ಹುಲಿಗೆವ್ವ. ಊರಾಚೆ ನಾಗೋವಾ ಎಂಬಲ್ಲಿನ ಸಮುದ್ರದ ದಂಡೆಯಲ್ಲಿ ಆಕೆ ಮೊದಲ ಅಲೆಯನ್ನು ಎಮ್ಮೆಗೆ ಗದರಿದಂತೆ “ಏ, ಸರಿ ಅತ್ತಾಗ!” ಎಂದು ಗದರಿದಳು. ಅದು ಹಿಂದೆ ಸರಿದದ್ದನ್ನು ಕಂಡು ಬಾಯಿ ತುಂಬ ನಕ್ಕಳು. ಆಮೇಲೆ ಸೀರೆ ಮೊಣಕಾಲಿಗೆ ಏರಿಸಿ, ನೀರಿನಲ್ಲೇ ಕೂತುಬಿಟ್ಟಳು. ಎಬ್ಬಿಸಲು ಬಂದ ಮಗನಿಗೂ, “ನೀ ಹೋಗೋ, ನಂಗೇನ್ ಕೆಲಸ ಅದ?” ಅಂದಳು. ಒಂದು ದಿನ ಮನೆಯೊಡತಿ ಅವರನ್ನು ದಂಡೆಯ ಬಂಡೆಗಳ ನಡುವೆ ಕರೆದೊಯ್ದು, ಅಲೆಗಳು ಬಂದು ತೊಳೆದು ಹೋಗುವ ಶಿವಲಿಂಗಗಳನ್ನು ತೋರಿಸಿದಳು. ಭೀಮಣ್ಣ ಎದೆಯುಬ್ಬಿಸಿ, “ನಾ ಹೇಳಿರಲಿಲ್ಲೇನು?” ಅಂದ. ಮೂವರೂ ಹೊಟ್ಟೆ ಹಿಡಿದು ನಕ್ಕರು. ಕಾಯಿ ಇರಲಿಲ್ಲ, ಕೈ ಮುಗಿದು ಬಂದರು.

ಅಂದು ಸಂಜೆ ಚಂದಮ್ಮ ಕೋಟೆಯ ಗೋಡೆಯ ಮೇಲೆ ಕೂತಳು. ಮೊದಲು ಕಣ್ಣು ಹೋದದ್ದು ಗೋಡೆಯ ಗಾರೆಯ ಮೇಲೆಯೇ. ಇಷ್ಟು ಕಲ್ಲು, ಇಷ್ಟು ಸುಣ್ಣ ಯಾವ ಹೆಣ್ಣುಮಕ್ಕಳು ಹೊತ್ತರೋ, ಅವರು ಎಂದಾದರೂ ಇಲ್ಲಿ ಕೂತಿದ್ದರೋ ಇಲ್ಲವೋ ಅಂದುಕೊಂಡಳು. ಆಮೇಲೆ ಆ ಯೋಚನೆಯೂ ಹೋಯಿತು. ಮೀನಿನ ದೋಣಿಗಳು ಒಂದೊಂದಾಗಿ ಮರಳುತ್ತಿದ್ದವು, ನೀರು ಮೊದಲು ಕೆಂಪಾಗಿ ಆಮೇಲೆ ಬೂದು ಬಣ್ಣಕ್ಕೆ ತಿರುಗಿತು. ಭೀಮಣ್ಣ ಎರಡು ಸಲ “ಹೋಗಾಮೇನು?” ಎಂದು ಕೇಳಿದ. ಆಕೆಗೆ ಕೇಳಿಸಲಿಲ್ಲ. ಮೂರನೆಯ ಸಲ ಕೇಳದೆ ಅವನೂ ಪಕ್ಕದಲ್ಲಿ ಕೂತ.

ತಳೇಗಾಂವಕ್ಕೆ ಮರಳಿದಾಗ ಕಾಲೊನಿಯ ಹೆಂಗಸರು ಅಲ್ಲಿ ಏನೇನು ಮಾಡಿದಿರಿ ಎಂದು ಕೇಳಿದರು. “ಏನೂ ಮಾಡ್ಲಿಲ್ಲ, ಭಾಳ ಚಲೋ ಇತ್ತು,” ಅಂದಳು ಚಂದಮ್ಮ. ಮೊದಲು ನಕ್ಕವರು ಬರಬರುತ್ತ ದಾರಿ ಕೇಳತೊಡಗಿದರು. ಕಲ್ಲವ್ವ ಆ ಬೇಸಿಗೆಯಲ್ಲೇ ಮಹಾಬಳೇಶ್ವರಕ್ಕೆ ಹೋಗಿ ಬಂದಳು. ಚಳಿಯನ್ನು ತಿಂಗಳುಗಟ್ಟಲೆ ಬೈದಳು, ಮತ್ತೆ ಯಾವ ಊರಿಗೆ ಹೋಗುವುದೆಂದು ಗಂಡನ ಜೀವ ತಿಂದಳು.

ಎರಡು ವರ್ಷ ಕಳೆದು ಮುಂದಿನ ರಜೆಯ ಕಾಲ ಹತ್ತಿರ ಬಂತು. ಕಾರ್ಖಾನೆಯಲ್ಲಿ ಅದಿನ್ನೂ ಮಂಜೂರಾಗಿರಲಿಲ್ಲ; ಎಲ್ಲಿಗೆ ಹೋಗುವುದೆಂದು ಗಂಡ ಹೆಂಡತಿ ಮಾತೂ ಆಡಿರಲಿಲ್ಲ. ಹುಲಿಗೆವ್ವ ಆಗಲೇ ಊರಿನಿಂದ ಬಂದಿದ್ದಳು, ಕಾಲಿಗೆ ಹೊಸ ರಬ್ಬರಿನ ಚಪ್ಪಲಿ ಮೆಟ್ಟಿಕೊಂಡು.