ಮೋಜಣಿ ಇಂದುಬಾಯಿ

ವಾಗದರಿಯ ಇಂದುಬಾಯಿಗೆ ಅಕ್ಷರ ಬರುವುದಿಲ್ಲ. ಆದರೆ ಅಕ್ಕಲಕೋಟದಿಂದ ಮಂಗಳವೇಢಾದವರೆಗೆ ಯಾವ ಊರಿಗಿಂತ ಯಾವ ಊರು ಎತ್ತರ ಎಂದು ಕೇಳಿದರೆ ಸಾಲಾಗಿ ಹೇಳುತ್ತಾಳೆ. ಆಕೆಯ ಅಳತೆ ಟೊಂಕದ್ದು. ತುಂಬಿದ ಕೊಡವನ್ನು ಟೊಂಕದ ಮೇಲಿಟ್ಟುಕೊಂಡು ನೀರಿನ ಜಾಗದಿಂದ ಅಡುಗೆಮನೆಗೆ ಏರಿ ಬರುವಾಗ, ಒಂದು ಮಗ್ಗುಲು ಸೋತು ಇನ್ನೊಂದಕ್ಕೆ ಎಷ್ಟು ಸಲ ಬದಲಿಸಬೇಕು? ಒಂದು ಸಲವಾದರೆ ಬಯಲು. ಎರಡಾದರೆ ದಿನ್ನೆ. ಮೂರಾದರೆ ಆ ಮನೆಗೆ ಹೆಣ್ಣು ಕೊಡಬಾರದು.

ಮೂರರ ಮನೆಗೆ ಆಕೆಯನ್ನೇ ಕೊಟ್ಟಿದ್ದರು, ಹದಿನಾರನೆಯ ವರ್ಷಕ್ಕೆ. ಮನೆ ನೋಡಲು ಹೋದ ಅಪ್ಪ ಹೊಲ ತಿರುಗಿದ, ಕುರಿ ಎಣಿಸಿದ, ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದ, ಮನೆದೇವರು ಬೀರೋಬನ ಮೇಲೆ ಭಾರ ಹಾಕಿ ಮಾತು ಕೊಟ್ಟು ಬಂದ. ಬಾವಿ ಎಲ್ಲಿದೆ ಎಂದು ಮಾತ್ರ ಕೇಳಲಿಲ್ಲ. ಬಾವಿಗೆ ಹೋಗುವವನು ಅವನಲ್ಲವಲ್ಲ. ಇಪ್ಪತ್ತೇಳು ವರ್ಷ, ದಿನಕ್ಕೆ ಹನ್ನೆರಡು ಕೊಡ. ಬಸುರಿಯಿದ್ದಾಗಲೂ ಅಷ್ಟೇ. ಎರಡು ಬಸಿರು ಆ ಏರಿನಲ್ಲೇ ಹೋದವು. ಅತ್ತೆ ದೇವರ ಇಚ್ಛೆ ಎಂದಳು.

ಗಂಡ ಸತ್ತ ಮೇಲೆ ತಮ್ಮ ಕಲ್ಲಣ್ಣನ ಮನೆಗೆ ಬಂದವಳು, ಬಳಗದಲ್ಲಿ ಯಾರು ಗಂಡಿನ ಮನೆ ನೋಡಲು ಹೊರಟರೂ, ಕರೆಯಲಿ ಬಿಡಲಿ, ಜೀಪು ಹತ್ತಿ ಕೂರುತ್ತಾಳೆ. ಹೊಲ ಅಳೆಯುವ ಸರಕಾರಿ ಮೋಜಣಿಯವರ ಹೆಸರು ಹಿಡಿದು ಗಂಡಸರು ಆಕೆಯನ್ನು 'ಮೋಜಣಿ ಇಂದುಬಾಯಿ' ಎಂದು ಅಣಕಿಸಿದರು. ಆಕೆ ಆ ಹೆಸರನ್ನು ಬೇಡ ಎನ್ನಲಿಲ್ಲ.

ಈ ಸಲ ಕಲ್ಲಣ್ಣನ ಮಗಳು ಪ್ರಾಜಕ್ತಾಳದೇ ಸೋಯರಿಕೆ, ಮದುವೆಯ ಸಂಬಂಧ. ಹುಡುಗಿ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಾಳೆ. ನಂದೇಶ್ವರದ ಯೋಗಿರಾಜ ಅಲ್ಲಿಗೇ ಟೆಂಪೊ ಓಡಿಸುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿದ್ದರು. ಮದುವೆಯಾದ ಮೇಲೆ ಸೊಸೆ ಊರಿನ ಮನೆಯಲ್ಲೇ ಇರಬೇಕು ಎಂಬುದು ಹುಡುಗನ ಅಪ್ಪ ಗೊಲ್ಲಾಳಪ್ಪನ ಮಾತು. ಮನೆ ಊರಾಚೆ ಮಾಳದ ನೆತ್ತಿಯ ಮೇಲಿತ್ತು.

ಮನೆ ನೋಡಲು ಹೋದ ದಿನ ಗಂಡಸರು ಅಲ್ಲಿ ಜಮಖಾನೆಯ ಮೇಲೆ ಮಂಡಕ್ಕಿಯ ಸುಸಲಾ ತಿನ್ನುತ್ತಾ ಕುರಿಗಳ ಲೆಕ್ಕಕ್ಕಿಳಿದಾಗ ಇಂದುಬಾಯಿ ಅಡುಗೆಮನೆಗೆ ಹೋದಳು. ಹುಡುಗನ ತಾಯಿ ಸುವರ್ಣಾ ಒಲೆಯ ಮುಂದಿದ್ದಳು.

"ನೀರ ಎಲ್ಲಿಂದ ತರ್ತೀ ತಂಗಿ?"

ಸುವರ್ಣಾ ಕಿಟಕಿಯ ಕಡೆ ಗದ್ದ ಎತ್ತಿದಳು. ಅಂಗಳದಲ್ಲಿ ಸರಕಾರದ ನಳ ಇತ್ತು, ಅದರ ಮೇಲೆ ಟವೆಲ್ಲು ಒಣಗುತ್ತಿತ್ತು. ಅದಕ್ಕಿಂತ ಬಲು ಕೆಳಗೆ, ದಾರಿ ಮುಗಿಯುವಲ್ಲಿ, ಕೈಪಂಪಿನ ಬೋರಿಂಗು.

ಇಂದುಬಾಯಿ ಒಂದು ಕೊಡ ಎತ್ತಿಕೊಂಡು ಇಳಿದಳು. ಅರವತ್ತೆರಡರ ಮುದುಕಿ ತುಂಬಿದ ಕೊಡದೊಂದಿಗೆ ಏದುಸಿರು ಬಿಡುತ್ತಾ ಮೇಲೆ ಬಂದಾಗ ಜಮಖಾನೆಯ ಮೇಲಿನ ಮಾತು ನಿಂತಿತು.

"ಮೂರು," ಎಂದಳು ತಮ್ಮನಿಗೆ. "ಎದ್ದೇಳು ಕಲ್ಲಣ್ಣಾ, ಹೋಗೂಣು."

"ಅಕ್ಕಾ, ಸುಮ್ಮ ಕೂಡು," ಎಂದು ಕಲ್ಲಣ್ಣ ಹಲ್ಲು ಕಚ್ಚಿದ.

ಗೊಲ್ಲಾಳಪ್ಪ ನಕ್ಕ. "ಏನ್ರಿ ಅಕ್ಕಾರ, ಮನಿ ನೋಡಾಕ ಬಂದೀರೋ, ಗುಡ್ಡಾ ಅಳ್ಯಾಕ ಬಂದೀರೋ?"

"ಮನೀನs ನೋಡಾಕತ್ತೀನ್ರಿ ಪಾವಣ್ಯಾರ. ಮನಿ ಗುಡ್ಡದ ಮ್ಯಾಲ ಅದ, ನಾ ಏನ ಮಾಡ್ಲಿ?"

ಯೋಗಿರಾಜ ಸಮಾಧಾನ ಮಾಡುವವನಂತೆ ಫೋನು ತೆಗೆದ. "ನೋಡ್ರಿ ಅತ್ತಿ, ಇದರಾಗ ಎತ್ತರದ ಪ್ರಕಾರ ಊರಿಗೆಲ್ಲಾ ನಂಬರ ಹಚ್ಯಾರ. ನಿಮ್ಮ ವಾಗದರಿ ನಮ್ಮೂರಕಿಂತ ಮ್ಯಾಲ ಅದ. ಸಮುದ್ರದಿಂದ ಅಳೀತಾರ."

"ನಾ ಸಮುದ್ರದಿಂದ ನೀರ ಹೊತ್ತಿಲ್ಲೋ ತಮ್ಮಾ. ನಿಮ್ಮ ಬೋರಿಂಗಿನಿಂದ ಹೊತ್ತೀನಿ. ಅಲ್ಲಿಗಿ ಹೋಗಿ ನೋಡು, ಏನ ನಂಬರ ಬರ್ತದ."

ಹುಡುಗ ಒಳ್ಳೆಯವನು, ಇಳಿದು ಹೋದ. ಕೆಳಗಿನಿಂದ ಕೂಗಿದ: "ಇಲ್ಲೂ ಅದs ನಂಬರ ತೋರಸ್ತದ!"

"ಹಂಗಾದ್ರ ಸಪಾಟ ನೆಲ ಅಂತ ತಿಳಕೊಂಡು ಒಂದ ಕೊಡ ತುಂಬಕೊಂಡ ಬಾ!"

ಯಾರೋ ಕಿಸಕ್ಕೆಂದರು. ಗೊಲ್ಲಾಳಪ್ಪನ ಮುಖ ಬಿಗಿಯಿತು. "ನಮ್ಮ ಮನಿ ಹೆಂಗಸೂರು ಮೂವತ್ತ ವರ್ಷ ಹೊತ್ತಾರ. ಯಾರೂ ಸತ್ತಿಲ್ಲ. ಯಾರೂ ಮೂರು ನಾಕು ಅಂತ ಎಣಿಸಿಲ್ಲ."

"ನಾಕು."

ಅಡುಗೆಮನೆಯ ಬಾಗಿಲಲ್ಲಿ ಸುವರ್ಣಾ ನಿಂತಿದ್ದಳು, ಕೈಯಲ್ಲಿ ಚಹಾದ ತಾಟು.

"ಮೂರು ಮಳಿಗಾಲದ್ದು. ಬ್ಯಾಸಿಗ್ಯಾಗ ಬೋರಿಂಗ ಬತ್ತತದ, ಹಳ್ಳದ ಬಾವಿಗಿ ಇಳೀಬೇಕು. ನಾಕ ಸಲ ಬದಲ ಮಾಡತೀನಿ. ಮೂವತ್ತ ವರ್ಷ ಎಣಿಸೀನಿ. ನೀವು ಕೇಳಿಲ್ಲ, ಅದಕ್ಕ ಹೇಳಿಲ್ಲ."

ಇಂದುಬಾಯಿ ತಮ್ಮನ ಕಿಸೆಯಿಂದ ಫೋನು ಕಿತ್ತುಕೊಂಡು, ಅಷ್ಟರಲ್ಲಿ ಕೆಳಗಿನಿಂದ ಹತ್ತಿ ಬಂದ ಯೋಗಿರಾಜನ ಕೈಗಿಟ್ಟಳು. "ಪ್ರಾಜಕ್ತಾಗ ಹಚ್ಚು. ಎಲ್ಲಾರೂ ಕೇಳಲಿ." ಅದು ಗೋದಾಮಿನ ಊಟದ ಹೊತ್ತು. ಇಂದುಬಾಯಿ ಏನನ್ನೂ ಬಣ್ಣಿಸದೆ ಮನೆ, ಬೋರಿಂಗು, ಮೂರು, ನಾಕು ಎಂದಷ್ಟೇ ಹೇಳಿದಳು.

ಫೋನಿನಿಂದ ಪ್ರಾಜಕ್ತಾಳ ದನಿ ಬಂತು. "ಅತ್ತಿ, ಹುಡುಗ ನನಗ ಪಸಂತ ಇದ್ದಾನ, ಅದು ಖರೇ. ಆದ್ರ ಅಡಿಗಿಮನಿತನಾ ನೀರ ಮೊದಲ ಏರಲಿ, ಆಮ್ಯಾಲ ನಾ ಏರ್ತೀನಿ. ಏರಲಿಲ್ಲಂದ್ರ ಅವರ ಟೆಂಪೊ ಅವರಿಗಿ, ನನ್ನ ನೌಕರಿ ನನಗ."

ಗೊಲ್ಲಾಳಪ್ಪ ರುಮಾಲು ಕೊಡವಿ ಎದ್ದ. "ಇಕಿ ಇಲ್ಲಂದ್ರ ಇನ್ನ ಹತ್ತ ಹುಡಿಗ್ಯಾರ ಸಿಗ್ತಾರ!"

"ಸಿಗಲಿ," ಎಂದಳು ಸುವರ್ಣಾ. ತಾಟನ್ನು ನೆಲಕ್ಕಿಟ್ಟಳು. "ಯಾರ ಕಡಿಯವರು ಬಂದ್ರೂ ಚಾ ಕೊಡೂ ಮೊದಲ ಕೈಯಾಗ ಕೊಡ ಕೊಡತೀನಿ. ಕೆಳಗ ಹೋಗಿ ಬರ್ರಿ ಅಂತೀನಿ."

ಯೋಗಿರಾಜ ಇಂದುಬಾಯಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅತ್ತಿ, ಬಾವಿಯಿಂದ ಇಲ್ಲಿತನಾ ಪೈಪ ಏಟ ಬೇಕಾಗ್ತದ?"

"ನನ್ನ ಯಾಕ ಕೇಳ್ತೀ? ನಿಮ್ಮವ್ವನ್ನ ಕೇಳು."

ಅವನು ತಿರುಗುವಷ್ಟರಲ್ಲಿ ಸುವರ್ಣಾ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕಿಳಿದಾಗಿತ್ತು. "ಬಾ, ತೋರಸ್ತೀನಿ. ನಡಕ ಒಂದ ಬಂಡಿಗಲ್ಲ ಅದ, ಸುತ್ತ ಹಾಕಬೇಕು," ಎನ್ನುತ್ತಾ ಬರಿಗೈಯಲ್ಲಿ ಇಳಿಯತೊಡಗಿದಳು.