ನಾಲ್ಕು ಮಂದಿಯ ನಡುವೆ ಕಾಶಕ್ಕ

ಪಕ್ಕದ ಮನೆಯ ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿದ್ದಾರೆ. ಹಸಿ ಗೋಧಿಹಿಟ್ಟು ಬಿಸಿಲಿಗೆ ಕಾದ ಆ ವಾಸನೆ ಬೆಳಗಿನಿಂದ ನಮ್ಮ ಕಿಟಕಿಯಲ್ಲಿ ಬಂದು ಕೂತಿದೆ. ಶಾವಿಗೆ ಪಾಯಸ ಅಂದರೆ ನನಗೆ ಪ್ರಾಣ. ಆದರೆ ಈ ವಾಸನೆ ಮೂಗಿಗೆ ಬಡಿದರೆ ಸಿಟ್ಟು ಬರುತ್ತದೆ. ಎಂಥ ವಿಚಿತ್ರ ಮುದುಕಿಯಪ್ಪಾ ಅನ್ನಬೇಡಿ. ಸ್ವಲ್ಪ ಕೂತು ಕೇಳಿ, ಆಮೇಲೆ ಏನು ಬೇಕಾದರೂ ಅನ್ನಿ.

ನಿಜಾಮನ ಕಾಲದ ಮಾತು. ಹುಮನಾಬಾದಿನ ನಮ್ಮ ಮನೆಯಿಂದ ನನ್ನ ಅಕ್ಕ ಕಾಶಿಯನ್ನು ಕಲ್ಯಾಣಕ್ಕೆ ಕೊಟ್ಟಿದ್ದರು. ನೀವು ಈಗ ಬಸವಕಲ್ಯಾಣ ಅನ್ನುವ ಊರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕೂಸು ಹೆಸರಿಡುವ ಮೊದಲೇ ಹೋಯಿತು. ಅಕ್ಕ ಅಳಲಿಲ್ಲ. ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ತಲೆ ಬಾಚಲು ಹೋದರೆ ತಲೆ ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ. ಕಲ್ಯಾಣದಿಂದ ಗಂಡನ ಮನೆಯವರು ಹೇಳಿ ಕಳಿಸಿದರು: "ತಬಿಯತ್ ಸುಧಾರಿಸಿದ ಮ್ಯಾಲ ಕಳಸ್ರಿ. ನಮಗೇನು ಅವಸರ ಇಲ್ಲ." ಆ ಅವಸರ ಇಲ್ಲ ಅನ್ನುವ ಮಾತಿಗೇ ಅವ್ವ ಹೆದರಿದ್ದು.

ಅಪ್ಪ ಹಕೀಮರನ್ನು ಕರೆತಂದ. ಅವರು ನಾಡಿ ಹಿಡಿದು, "ಇದಕ್ಕ ದವಾ ಇಲ್ರಿ. ಮನಸ್ಸು ಕುಸದದ. ನಾಕ್ ಮಂದ್ಯಾಗ ಕೂಡಸ್ರಿ, ಹಗುರ ಆಗ್ತಾಳ" ಅಂದರು.

ತಗೊಳ್ಳಿ, ಅವ್ವನಿಗೆ ಅದೇ ವೇದವಾಕ್ಯ. ಮೊದಲು ಸೋಮವಾರದ ಭಜನೆಗೆ ಎಳೆದೊಯ್ದಳು. ಅಕ್ಕ ತಾಳಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಎದ್ದು ಬಂದಳು. ಕೌದಿ ಹೊಲಿಯುವವರ ಜೊತೆ ಕೂರಿಸಿದಳು; ಸೂಜಿ ಚುಚ್ಚಿ ರಕ್ತ ಬಂದರೆ ಅಕ್ಕ ಅದನ್ನೇ ನೋಡುತ್ತ ಕೂತಳು. ಅಷ್ಟರಲ್ಲಿ ಬೇಸಿಗೆ ಬಂತು. ಓಣಿಯ ಹೆಂಗಸರೆಲ್ಲ ಸಿದ್ದಮ್ಮನ ಪಡಸಾಲೆಯಲ್ಲಿ ಕೂಡಿ ಶಾವಿಗೆ ಹೊಸೆಯುವ ಕಾಲ. ಸಿದ್ದಮ್ಮನದು ದೊಡ್ಡ ಬಾಯಿ. ಮನಸ್ಸೂ ದೊಡ್ಡದೆಂದು ಆಗ ನಂಬಿದ್ದೆ. ಅವಳೇ ಬಂದು ಅಕ್ಕನ ರಟ್ಟೆ ಹಿಡಿದು ಎಬ್ಬಿಸಿದಳು. "ಏಳವ್ವ ಕಾಶೀ, ಗೋಡಿ ಏನ್ ಓಡಿ ಹೋಗಾಕತ್ತದೇನ? ನಾಳಿ ಬಂದು ಮತ್ತ ನೋಡೀಯಂತ!"

ನಾನೂ ಹೋದೆ. ನನಗೆ ಆಗ ಗಂಡು ನೋಡುತ್ತಿದ್ದರು. ಶಾವಿಗೆ ಬಾರದ ಹುಡುಗಿಯನ್ನು ಯಾರು ಕೇಳಬೇಕು? ಮಣೆಯ ಮೇಲೆ ನಾನು ಹೊಸೆದದ್ದು ಶಾವಿಗೆಯಲ್ಲ, ಹಗ್ಗ. "ತಗದಿಡ್ರೆವ್ವ, ಈಕಿ ಅತ್ತಿ ಮನ್ಯಾಗ ಎಮ್ಮಿ ಕಟ್ಟಾಕ ಬರ್ತಾವ" ಅಂದಳು ಸಿದ್ದಮ್ಮ. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಕೇಳಿ ಬಹಳ ದಿನವಾಗಿದ್ದ ಒಂದು ದನಿಯೂ ಇತ್ತು. ತಿರುಗಿ ನೋಡಿದರೆ ಕಾಶಕ್ಕ! ನನ್ನ ಮರ್ಯಾದೆ ಹೋದರೆ ಹೋಗಲಿ ಅಂತ ಇನ್ನೊಂದು ಎಳೆಯನ್ನು ಬೇಕಂತಲೇ ದಪ್ಪ ಹೊಸೆದೆ.

ಆಮೇಲೆ ಅಕ್ಕ ತಾನೇ ಎದ್ದು ಹೋಗತೊಡಗಿದಳು. ಊಟ ಕೇಳಿ ಹಾಕಿಸಿಕೊಂಡಳು, ನನ್ನ ಜಡೆ ಎಳೆದಳು. ಅವ್ವ ಕಲ್ಯಾಣಕ್ಕೆ ಸುದ್ದಿ ಕಳಿಸುವ ಯೋಚನೆಯಲ್ಲಿದ್ದಳು.

ಅದೇ ಹೊತ್ತಿಗೆ ಸಿದ್ದಮ್ಮನ ಮಗಳು ಹಡೆದಳು. ತೊಟ್ಟಿಲಿಗೆ ಹಾಕುವ ದಿನ ಶಾವಿಗೆ ಮಂದಿಗೆಲ್ಲ ಕರೆ ಬಂತು. ನಮ್ಮ ಕಡೆ ತೊಟ್ಟಿಲಿನ ಆಚೆ ಒಬ್ಬಳು, ಈಚೆ ಒಬ್ಬಳು ನಿಲ್ಲುತ್ತಾರೆ. ಮೊದಲು ಅರೆಯುವ ಗುಂಡುಕಲ್ಲಿಗೆ ಕೂಸಿನ ಟೋಪಿ, ಕುಂಚಿಗೆ ತೊಡಿಸಿ, ಅದೇ ಕೂಸೆಂಬಂತೆ ತೊಟ್ಟಿಲ ಕೆಳಗಿನಿಂದ ಕೊಡುವುದು, ಮೇಲಿನಿಂದ ಇಸಕೊಳ್ಳುವುದು. ಆಮೇಲೆ ಕೂಸನ್ನೂ ಹಾಗೆಯೇ ದಾಟಿಸುವುದು. ಓಣಿಗೆ ಹಿರಿಯಳೆಂದು ಆಚೆ ನಮ್ಮ ಅವ್ವ ನಿಂತಿದ್ದಳು. ಈಚೆ, ಯಾರೂ ಕರೆಯದೆ, ಕಾಶಕ್ಕ ಹೋಗಿ ನಿಂತಳು. ಎಲ್ಲರೂ ತನ್ನವರು ಅಂದುಕೊಂಡಿದ್ದಳು, ಪಾಪ. ಕಲ್ಲು ದಾಟಿತು. ಅಕ್ಕ ಅದರ ಗಲ್ಲ ಹಿಂಡಿ, ಮುತ್ತು ಕೊಟ್ಟು, ಎಲ್ಲರನ್ನೂ ನಗಿಸಿ ಮರಳಿಸಿದಳು. ಕೂಸಿನ ಸರದಿ ಬಂತು. ಅಕ್ಕ ಬಗ್ಗಿ ಎರಡೂ ಕೈ ಚಾಚಿದಳು. ಕೂಸು ಬರಲಿಲ್ಲ.

ಸಿದ್ದಮ್ಮ ಅವ್ವನಿಗೆ ಕಣ್ಣಲ್ಲೇ ಬೇಡ ಅಂದಿದ್ದಳು. ಅವ್ವ ಕೂಸನ್ನು ಎದೆಗೆ ಅವಚಿಕೊಂಡಳು. "ನೀ ಹಿಂದ ಸರಿ ಕಾಶೀ. ಬ್ಯಾರೆ ಯಾರರ ಬರ್ರೆವ್ವ" ಅಂದಳು. ತೊಟ್ಟಿಲ ಕೆಳಗೆ ಆ ಕೈಗಳು ಇನ್ನೂ ಹಾಗೇ ಇದ್ದವು. ಶಾವಿಗೆ ಮಂದಿಯಲ್ಲಿ ಒಬ್ಬಳಾದರೂ ಬಾಯಿ ಬಿಟ್ಟಳೆ? ಥೂ! ಒಬ್ಬಳು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಕೂಸು ದಾಟಿತು, ಜೋಗುಳ ಶುರುವಾಯಿತು.

ಮನೆಗೆ ಬಂದು ನಾನು ಕೂಗಾಡಿದೆ. "ನಾಳಿ ಆ ಕೂಸಿಗಿ ಏನರ ಆದ್ರ ಹೆಸರು ಯಾರ್ ಮ್ಯಾಲ ಬರ್ತದ? ಆಕಿ ಸಲುವಾಗೇ ಮಾಡ್ದೆ" ಅಂದಳು ಅವ್ವ. ಅಕ್ಕ ಒಳಗಿನಿಂದ ಕೇಳಿಸಿಕೊಂಡಳು. "ಖರೇ ಅದ ಬಿಡವ್ವ" ಅಂದಳು. ಆ ರಾತ್ರಿ ಉಣ್ಣಲಿಲ್ಲ.

ಕಲ್ಯಾಣದವರು ಮಗನಿಗೆ ಇನ್ನೊಂದು ಮದುವೆ ಮಾಡಿದರು. ಅಕ್ಕ ಹುಮನಾಬಾದಿನಲ್ಲೇ ಮುದುಕಿಯಾಗಿ ಸತ್ತಳು. ಹೆಂಗಸರು ಕೂಡಿದ ಕಡೆ ಮತ್ತೆಂದೂ ಕಾಲಿಡಲಿಲ್ಲ. "ಕಾಶಿಗಿ ಮಂದ್ಯಾಗ ಬೆರಿಯಾಕ ಬರಾಂಗಿಲ್ಲ" ಅಂದರು ಓಣಿಯವರು. ಅದನ್ನೂ ಅಂದರು!

ಇಷ್ಟು ವರ್ಷ ನನ್ನ ಬೈಗುಳವೆಲ್ಲ ಸಿದ್ದಮ್ಮನ ಪಾಲಿಗಿತ್ತು. ಅವಳನ್ನು ಬೈಯುವುದು ಸುಲಭ, ಅವಳು ನನಗೆ ಯಾರೂ ಅಲ್ಲ. ಇವತ್ತು ನಿಮಗೆ ಹೇಳುತ್ತ ಹೇಳುತ್ತ ಆ ದಿನ ಮತ್ತೆ ಕಣ್ಣಿಗೆ ಬಂತು ನೋಡಿ. ಸಿದ್ದಮ್ಮ ಬರೀ ಕಣ್ಸನ್ನೆ ಮಾಡಿದ್ದಳು. ಕೂಸು ಇದ್ದದ್ದು ಅವ್ವನ ಕೈಯಲ್ಲಿ. ಆಕೆ ಕೊಡಬಹುದಿತ್ತು.